ಎರಡನೇ ನಂಬರಿನ ಗುಲಾಬಿ

ನಮ್ಮ ಸಂಸಾರ ನಡೆಯುತ್ತಿದ್ದದ್ದು ಮೆಟ್ಟಿಲ ಮೇಲೆ. ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ, ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವಿನ ತಿರುವಿನಲ್ಲಿ, ಬರೀ ನಾಲ್ಕು ನಿಮಿಷ.

ನಾನು ಕೆಲಸಕ್ಕೆಂದು ಇಳಿಯುತ್ತಿದ್ದೆ. ಅವಳು ಕೆಲಸ ಮುಗಿಸಿ ಹತ್ತುತ್ತಿದ್ದಳು. ನಾನು ಲಿಫ್ಟ್ ರಿಪೇರಿಯವನು. ಅವಳು ನರ್ಸು, ಆಗಷ್ಟೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನೈಟ್ ಡ್ಯೂಟಿ. ಎರಡು ತಿಂಗಳ ಮಟ್ಟಿಗೆ ಎಂದು ಹೆಡ್ ಸಿಸ್ಟರ್ ಹಾಕಿದ ಡ್ಯೂಟಿ ಹದಿನಾಲ್ಕನೇ ತಿಂಗಳಿಗೆ ಕಾಲಿಟ್ಟಿತ್ತು. ನಾನು ಸಂಜೆ ಎಂಟಕ್ಕೆ ಮನೆ ಸೇರುವಾಗ ಅವಳು ಹೊರಟು ಮುಕ್ಕಾಲು ಗಂಟೆ ಆಗಿರುತ್ತಿತ್ತು.

"ಊರಿನ ಲಿಫ್ಟೆಲ್ಲ ರಿಪೇರಿ ಮಾಡೋನ ಹೆಂಡ್ತಿ ಮೂರು ಮಹಡಿ ಹತ್ತಿ ಸಾಯ್ಬೇಕು" ಎನ್ನುತ್ತ ಅವಳು ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಿದ್ದಳು. ಮೂಗಿನ ಮೇಲೆ ಮಾಸ್ಕಿನ ಗೆರೆ. ಕಣ್ಣಿನ ಕೆಳಗೆ ಕಪ್ಪು. ಆ ಕಣ್ಣು ಮೊದಲು ನನ್ನ ಮುಖ ನೋಡಿ, ಆಮೇಲೆ ಶರ್ಟಿಗೆ ಇಳಿದು, ಒಂದು ಹುಬ್ಬು ಮೇಲೇರುತ್ತಿತ್ತು. ಗುಂಡಿ ತಪ್ಪಿ ಹಾಕಿಕೊಂಡಿರುತ್ತಿದ್ದೆ. ಅವಳು ಮಾತಾಡದೆ ಬಿಚ್ಚಿ ಸರಿಯಾಗಿ ಹಾಕುತ್ತಿದ್ದಳು. ಕೆಲವು ದಿನ ನಾನು ಬೇಕೆಂದೇ ತಪ್ಪು ಹಾಕಿಕೊಂಡು ಬರುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು.

"ಗೂಬೆ ಗೂಡು ಸೇರ್ತಾ?" ಎಂದು ನಾನು.

"ಕೋಳಿ ಕೂಗೋಕೆ ಹೊರಡ್ತಾ?" ಎಂದು ಅವಳು.

ಆಮೇಲೆ ಮನೆಯ ಕೀ ಅವಳ ಕೈಗೆ. ನಮ್ಮಲ್ಲಿ ಇದ್ದದ್ದು ಒಂದೇ ಕೀ. ಇನ್ನೊಂದು ನನ್ನ ತಂಗಿಯ ಮದುವೆ ಓಡಾಟದಲ್ಲಿ ಎಲ್ಲೋ ಕಳೆದುಹೋಗಿತ್ತು. ಸಂಜೆ ಹೊರಡುವಾಗ ಅವಳು ಕೀಯನ್ನು ಕೆಳಮನೆಯ ಟೈಲರ್ ಅಂಕಲ್ ಹತ್ತಿರ ಕೊಟ್ಟು ಹೋಗುತ್ತಿದ್ದಳು. ಹೊಸ ಕೀ ಮಾಡಿಸಲು ಹತ್ತು ನಿಮಿಷ ಸಾಕು. ಒಂದು ವರ್ಷದಿಂದ ಇಬ್ಬರೂ ಮಾಡಿಸಿರಲಿಲ್ಲ. ಮಾಡಿಸಿದರೆ ಮೆಟ್ಟಿಲ ಮೇಲೆ ನಿಲ್ಲುವುದಕ್ಕೆ ನೆಪ ಎಲ್ಲಿಂದ ತರುವುದು?

ಇಷ್ಟರಲ್ಲೇ ಸುಖವಾಗಿದ್ದೆವು ಎಂದು ನಾನು ತಿಳಿದಿದ್ದೆ. ಒಂದು ಸೋಮವಾರ ಅವಳು ಕೀ ತೆಗೆದುಕೊಳ್ಳುತ್ತ ಅಂದಳು: "ರೀ, ಆ ಚಿಕ್ಕ ರೂಮಿಗೆ ಬಣ್ಣ ಹೊಡೀಬೇಕು."

"ಈಗ್ಯಾಕೆ ಅದು?"

"ನಾನಿನ್ನು ಅಲ್ಲೇ ಮಲಗ್ತೀನಿ."

ಆಕಳಿಸಿ ಹತ್ತಿ ಹೋದಳು. ನಾನು "ಹ್ಞೂ" ಅಂದೆ. ಯಾಕೆ ಎಂದು ಕೇಳಲಿಲ್ಲ. ಕೇಳಬೇಕೆಂದು ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಆಗ ಅವಳು ಮಲಗಿರುತ್ತಾಳೆ, ಫೋನ್ ಮಾಡಿ ಎಬ್ಬಿಸುವ ಹಾಗಿಲ್ಲ. ಆ ಒಂದು ಮಾತು ದಿನವಿಡೀ ನನ್ನ ಜೊತೆ ಎಂಟು ಕಟ್ಟಡ ಹತ್ತಿ ಇಳಿಯಿತು.

ಮಧ್ಯಾಹ್ನ ತಂಗಿಗೆ ಫೋನ್ ಮಾಡಿದೆ. ಆ ಚಿಕ್ಕ ರೂಮು ಆರು ವರ್ಷ ಅವಳದೇ ಆಗಿತ್ತು. ಅವಳು ಗಂಡನ ಮನೆಗೆ ಹೋದ ಮೇಲೆ ಇಸ್ತ್ರಿ ಟೇಬಲ್ಲು, ಕೆಟ್ಟ ಫ್ಯಾನು, ನನ್ನ ಹಳೇ ಟೂಲ್ ಬಾಕ್ಸುಗಳು ಅಲ್ಲಿ ಸೇರಿಕೊಂಡಿದ್ದವು.

"ಅಣ್ಣಾ, ಅತ್ತಿಗೆ ಬೇರೆ ರೂಮು ಕೇಳಿದ್ರಾ? ಜಗಳ ಆಡಿದ್ರಾ?"

"ಜಗಳ ಆಡೋಕೆ ಟೈಮೆಲ್ಲಿದೆ?"

"ಅದೇ ಅಣ್ಣ ಹೆದರಿಕೆ. ಜಗಳ ಆಡೋರು ಒಂದೇ ರೂಮಲ್ಲಿ ಇರ್ತಾರೆ."

ಮದುವೆಯಾಗಿ ಒಂದು ವರ್ಷಕ್ಕೇ ಇಷ್ಟು ತಿಳುವಳಿಕೆ. ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ.

ಪೇಂಟ್ ಅಂಗಡಿಯನ್ನು ನಡೆಸುತ್ತಿದ್ದವರು ವಯಸ್ಸಾದ ಒಬ್ಬ ಹೆಂಗಸು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಕೂತಿದ್ದರು. ನಾನು ಶೇಡ್ ಕಾರ್ಡಿನ ಮೇಲೆ ಬೆರಳಿಟ್ಟು ಇದು ಕೊಡಿ, ಅದು ಕೊಡಿ ಅನ್ನುವಷ್ಟರಲ್ಲಿ ಕಾರ್ಡನ್ನೇ ಕಿತ್ತುಕೊಂಡರು.

"ಕಾರ್ಡ್ ನೋಡಿ ಬಣ್ಣ ಒಯ್ದೋರೆಲ್ಲ ವಾಪಸ್ ಬಂದು ನನ್ನ ಬೈತಾರೆ. ಸಣ್ಣ ಸ್ಯಾಂಪಲ್ ಡಬ್ಬಿ ತಗೊಂಡ್ಹೋಗಿ. ಗೋಡೆ ಮೇಲೆ ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ನೋಡಿ. ಆ ರೂಮಲ್ಲಿ ಯಾರು ಯಾವ ಹೊತ್ತು ಇರ್ತಾರೋ ಅವರೇ ಆ ಹೊತ್ತಲ್ಲಿ ನೋಡ್ಬೇಕು. ಯಾರು ಇರ್ತಾರೆ?"

"ನನ್ನ ಹೆಂಡ್ತಿ."

"ನೀವು?"

ನಾನು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡೆ.

ಸಂಜೆ ಆ ರೂಮಿನ ಗೋಡೆಗೆ, ಹಳೇ ಹಸಿರು ಇಣುಕದ ಹಾಗೆ ಬಿಳಿ ಪ್ರೈಮರ್ ಬಳಿದೆ. ಮರುದಿನ ಸಂಜೆ ಐದು ಚೌಕ ಹಚ್ಚಿ, ಪಕ್ಕದಲ್ಲಿ ನಂಬರ್ ಹಾಕಿದೆ. ಒಂದು ಹಾಲಿನ ಬಿಳಿ. ಎರಡು ಸ್ವಲ್ಪ ಬೂದು ಬೆರೆತ ಬಿಳಿ. ಮೂರು ತಿಳಿನೀಲಿ. ನಾಲ್ಕು ಬೂದು. ಐದು ಕಡುನೀಲಿ. ಮೊಳೆಗೆ ದಾರ ಕಟ್ಟಿ ಒಂದು ಪೆನ್ಸಿಲ್ ತೂಗುಹಾಕಿದೆ. ‘ಗೂಬೆಗಳು ಅಭಿಪ್ರಾಯ ಬರೆಯಬಹುದು’ ಎಂದು ಗೋಡೆಯ ಮೇಲೇ ಬರೆದೆ.

ಮಾರನೇ ಸಂಜೆ ಬಂದು ಲೈಟ್ ಹಾಕಿದರೆ ಗೋಡೆ ತುಂಬ ಅವಳ ಅಕ್ಷರ.

‘ಒಂದು – ನಮ್ಮ ವಾರ್ಡಿನ ಗೋಡೆ. ಬೇಡವೇ ಬೇಡ. ಎರಡು – ಗುಲಾಬಿ ಹೊಡೀತಿದೆ, ಆದ್ರೆ ಚೆನ್ನಾಗಿದೆ. ಮೂರು – ನಿಮ್ಮ ಮದುವೆ ಶರ್ಟು, ಬಗಲಲ್ಲಿ ಹರಿದಿತ್ತಲ್ಲ ಅದು. ನಾಲ್ಕು – ನೀವೇ ಹೇಳಿ. ಐದು – ಕಣ್ಣು ಮುಚ್ಚಿದ ಹಾಗಿದೆ. ನಿದ್ದೆಗೆ ಒಳ್ಳೇದು.’

ನಿಂತಲ್ಲೇ ನಕ್ಕೆ. ಮನೆಯಲ್ಲಿ ಒಬ್ಬನೇ ಇದ್ದಾಗ ನಕ್ಕು ಎಷ್ಟು ಕಾಲವಾಗಿತ್ತೋ. ಆಮೇಲೆ ಎರಡನೇ ಚೌಕವನ್ನು ನೋಡಿದೆ. ಟ್ಯೂಬ್‌ಲೈಟ್ ಹಾಕಿ, ಆರಿಸಿ, ಟಾರ್ಚ್ ಬಿಟ್ಟು ನೋಡಿದೆ. ಗುಲಾಬಿಯ ಸುಳಿವೇ ಇರಲಿಲ್ಲ. ಅವಳ ಸಾಲಿನ ಕೆಳಗೆ ನನ್ನ ಉತ್ತರ ಬರೆದೆ, ಮರುದಿನ ಅದರ ಕೆಳಗೆ ಅವಳದು, ಆಮೇಲೆ ಮತ್ತೆ ನನ್ನದು.

‘ಎರಡರಲ್ಲಿ ಎಲ್ಲಿದೆ ಗುಲಾಬಿ? ನಾಲ್ಕು – ಲಿಫ್ಟಿನ ಒಳಗೋಡೆ. ಅದು ಮನೇಲೂ ಬೇಡ.’

‘ಗುಲಾಬಿ ಇದೆ. ಕೋಳಿಗೆ ಕಾಣಲ್ಲ.’

‘ಹಗಲಲ್ಲಿ ಕಣ್ಣು ಕಾಣದೇ ಇರೋದು ಗೂಬೆಗೆ.’

‘ಕಣ್ಣಾರೆ ನೋಡಿದ್ದು ಹೇಳ್ತಿದ್ದೀನಿ ರೀ. ದಿನಾ ಬರುತ್ತೆ, ದಿನಾ ಹೋಗುತ್ತೆ.’

ಅವಳಿಗೆ ನಿದ್ದೆಗಣ್ಣು, ಪಾಪ, ಎಂದುಕೊಂಡೆ. ಒಂದು ವಾರದಲ್ಲಿ ಅವಳೊಂದಿಗೆ ವರ್ಷವಿಡೀ ಆಡದಷ್ಟು ಮಾತನ್ನು ಆ ಗೋಡೆಯ ಮೇಲೆ ಆಡಿದೆ. ಹಾಲು ಒಡೆದ ಸುದ್ದಿ, ಟೈಲರ್ ಅಂಕಲ್ ಬೆನ್ನುನೋವು, ವಾರ್ಡಿನಲ್ಲಿ ಒಂದೂಕಾಲು ಕೇಜಿಯ ಕೂಸೊಂದು ಅವಳ ಬೆರಳು ಹಿಡಿದು ಬಿಡದೇ ಇದ್ದದ್ದು. ಆದರೂ ಲೈಟ್ ಆರಿಸುವ ಮುಂಚೆ ನನ್ನ ಕಣ್ಣು ಐದನೇ ಚೌಕಕ್ಕೆ ಹೋಗಿ ನಿಲ್ಲುತ್ತಿತ್ತು. ಕಣ್ಣು ಮುಚ್ಚಿದ ಹಾಗಿದೆ. ಅಂದರೆ ನಾನು ಕಾಣದ ಹಾಗೆ.

ಆಗ ನಾನೊಂದು ಹೇಡಿ ಕೆಲಸ ಮಾಡಿದೆ. ಬಣ್ಣ ನಿರ್ಧಾರವಾಗುವ ತನಕ ಗೋಡೆಗೆ ಬಣ್ಣವಿಲ್ಲ. ಗೋಡೆಗೆ ಬಣ್ಣ ಬೀಳುವ ತನಕ ಅವಳ ಹಾಸಿಗೆ ಆ ರೂಮಿಗೆ ಹೋಗುವುದಿಲ್ಲ. ಅದಕ್ಕೇ ಇನ್ನೂ ಡಬ್ಬಿ ತಂದೆ. ಆರು, ಏಳು, ಎಂಟು. ಇದು ಸ್ವಲ್ಪ ಮಂಕಾಯ್ತು, ಅದು ಸ್ವಲ್ಪ ಜಾಸ್ತಿಯಾಯ್ತು ಎಂದು ಗೋಡೆಯ ಮೇಲೆ ದೊಡ್ಡ ತಜ್ಞನ ಹಾಗೆ ಬರೆದೆ. ಅಂಗಡಿಯಮ್ಮ ನನ್ನನ್ನು ಕಂಡರೆ ಕನ್ನಡಕ ಕಣ್ಣಿಗೆ ಇಳಿಸಿ ನೋಡತೊಡಗಿದರು. ಮೂರು ವಾರಕ್ಕೆ ಗೋಡೆಯ ಮೇಲೆ ಹದಿನಾಲ್ಕು ಚೌಕ. ಜೊತೆಯವನು ಕಾಲು ಮುರಿದುಕೊಂಡು ಮಲಗಿದ್ದರಿಂದ ಆ ಮೂರು ವಾರ ನನಗೆ ವಾರದ ರಜೆಯೂ ಸಿಗಲಿಲ್ಲ.

‘ಹನ್ನೆರಡೂ ಹದಿಮೂರೂ ಒಂದೇ ಅಲ್ವಾ?’ ಎಂದು ಬರೆದಿದ್ದಳು. ಡಬ್ಬಿ ತಿರುಗಿಸಿ ನೋಡಿದೆ. ಒಂದೇ ಬಣ್ಣವನ್ನು ಎರಡು ಸಲ ತಂದಿದ್ದೆ.

ಅದರ ಮರುದಿನ ಗೋಡೆಯ ಮೇಲೆ ಒಂದೇ ಸಾಲು. ಅಕ್ಷರಗಳು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗಿಳಿದಿದ್ದವು.

‘ಸಾಕು ರೀ. ಯಾವುದಾದ್ರೂ ಸರಿ. ನಂಗೆ ನಿದ್ದೆ ಬೇಕು.’

ಬೆಳಗ್ಗೆ ಮೆಟ್ಟಿಲ ತಿರುವಿನಲ್ಲಿ ಕಾದು ನಿಂತೆ. ಅವಳು ಕಂಬಿ ಹಿಡಿದು ಹತ್ತಿ ಬಂದಳು. ನಾನು ಕೀ ಚಾಚಿದೆ. ಅವಳು ಅದನ್ನು ಮುಟ್ಟದೆ, ಪರ್ಸಿನಿಂದ ಹೊಳೆಯುವ ಹೊಸ ಕೀ ತೆಗೆದಳು.

"ಡೂಪ್ಲಿಕೇಟ್ ಮಾಡಿಸ್ದೆ. ಆ ಹಳೇದು ನಿಮ್ಮ ಹತ್ರಾನೇ ಇರ್ಲಿ. ಇನ್ನು ನೀವು ನನಗೋಸ್ಕರ ಕಾಯೋದು ಬೇಡ."

ನನ್ನ ಶರ್ಟಿನ ಎರಡನೇ ಗುಂಡಿ ಮೂರನೇ ಕಾಜಾದಲ್ಲಿತ್ತು. ಅವಳ ಕೈ ಏಳಲಿಲ್ಲ. ಪಕ್ಕಕ್ಕೆ ಸರಿದು, ಉಳಿದ ಮೆಟ್ಟಿಲು ಹತ್ತಿಕೊಂಡು ಹೋದಳು. ಮೇಲೆ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ನನಗೆ ಅಳು ಬಂತು. ನಲವತ್ತೆರಡು ವರ್ಷದ ಗಂಡಸು ಟೂಲ್ ಬ್ಯಾಗು ಹೊತ್ತು ಮೆಟ್ಟಿಲ ಮೇಲೆ ಅಳುವುದೆಂದರೆ ಚೆನ್ನಾಗಿರುವುದಿಲ್ಲ, ಅದಕ್ಕೆ ಇಳಿದು ಹೋದೆ.

ಒಂಬತ್ತೂವರೆಗೆ ಆಫೀಸಿನಿಂದ ಫೋನ್. ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಲಿಫ್ಟ್ ನಿಂತಿದೆ, ಒಳಗೆ ಯಾರೋ ಇದ್ದಾರೆ.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಏನಾಯ್ತು, ಯಾವ ಬಟನ್ ಒತ್ತಿದ್ರಿ ಎಂದು ಮೊದಲು ಕೇಳಬಾರದು. ಬಾಗಿಲಿಗೆ ಬಾಯಿ ಹತ್ತಿರ ತಂದು, ಒಳಗೆ ಎಷ್ಟು ಜನ ಇದ್ದೀರಿ ಎಂದು ಕೇಳಬೇಕು. ಆಮೇಲೆ ಗಾಬರಿ ಬೇಡ, ನಾನು ಹೊರಗೇ ಇದ್ದೀನಿ ಅನ್ನಬೇಕು. ಬಾಗಿಲು ತೆಗೆಯುವ ತನಕ ಮಾತು ನಿಲ್ಲಿಸಬಾರದು. ಹೊರಗೆ ಬಂದ ಮೇಲೆ ಒಂದು ಚೀಟಿ ತುಂಬಬೇಕು. ಸ್ಥಳ, ಸಮಯ, ಒಳಗಿದ್ದವರು, ಸ್ಥಿತಿ.

"ಒಳಗೆ ಎಷ್ಟು ಜನ ಇದ್ದೀರಿ?"

"ಒಬ್ಬಳೇ ಕಣಪ್ಪ." ಮುದುಕಿಯ ದನಿ.

"ಗಾಬರಿ ಬೇಡ ಅಮ್ಮ, ನಾನು ಹೊರಗೇ ಇದ್ದೀನಿ. ಹೇಗಿದ್ದೀರಿ? ಏನಾಗ್ತಿದೆ ಹೇಳಿ."

"ಏನೂ ಆಗ್ತಿಲ್ಲ. ಇಷ್ಟು ಹೊತ್ತು ಯಾರೂ ಕೇಳ್ಲಿಲ್ಲವಲ್ಲ ಅಂತ ಸಂಕಟ ಆಗ್ತಿತ್ತು. ಈಗ ನೀನು ಕೇಳಿದ್ಯಲ್ಲ, ಇನ್ನು ನಿಧಾನಕ್ಕೆ ತೆಗಿ."

ಹದಿನೈದು ನಿಮಿಷಕ್ಕೆ ಬಾಗಿಲು ಬಿಡಿಸಿದೆ. ಆಕೆ ನನ್ನ ತೋಳು ಹಿಡಿದು ಹೊರಗೆ ಬಂದು, ಸುಧಾರಿಸಿಕೊಂಡು, ನನ್ನ ಎದೆಯ ಕಡೆ ನೋಡಿದರು.

"ಗುಂಡಿ ತಪ್ಪಿದೆಯಲ್ಲೋ. ಮನೇಲಿ ಯಾರೂ ನೋಡ್ಲಿಲ್ವಾ?"

ಚೀಟಿ ತೆಗೆದು ತುಂಬಿದೆ. ಹದಿನೆಂಟು ವರ್ಷದಿಂದ ಗುರುತು ಪರಿಚಯವಿಲ್ಲದವರನ್ನೆಲ್ಲ ಬಾಗಿಲಿನ ಈಚೆ ನಿಂತು ಹೇಗಿದ್ದೀರಿ ಎಂದು ಕೇಳಿದವನು ನಾನು. ಹೆಂಡತಿಯನ್ನು ಮಾತ್ರ ಹದಿನಾಲ್ಕು ಬಣ್ಣದ ಬಗ್ಗೆ ಕೇಳಿದ್ದೆ. ನಿನಗೆ ಆ ರೂಮು ಯಾಕೆ ಬೇಕು ಎಂದು ಒಂದು ಸಲವೂ ಕೇಳಿರಲಿಲ್ಲ. ಆಫೀಸಿಗೆ ಹೋಗುವ ಬದಲು ಮನೆ ಕಡೆ ನಡೆದೆ.

ಹಳೇ ಕೀಯಿಂದಲೇ ಬಾಗಿಲು ತೆಗೆದೆ. ಶೂ ಬಿಚ್ಚಿ ಅಭ್ಯಾಸಬಲದಿಂದ ಕೈಯಲ್ಲಿ ಹಿಡಿದುಕೊಂಡೆ. ಬೆಡ್‌ರೂಮಿನ ಮಂಚದ ಮೇಲೆ ನಾನು ಬೆಳಗ್ಗೆ ಹಾಸಿದ ಹೊದಿಕೆ ಹಾಗೇ ಇತ್ತು. ಚಿಕ್ಕ ರೂಮಿನ ಬಾಗಿಲು ಮುಚ್ಚಿತ್ತು. ಒಳಗಿಂದ ಚಾಪೆಯ ಮೇಲೆ ಮಗ್ಗುಲು ಬದಲಿಸಿದ ಸದ್ದು. ಅವಳಿಗೆ ನಿದ್ದೆ ಬಂದಿರಲಿಲ್ಲ.

ನಾನು ಬಾಗಿಲಿಗೆ ಬಾಯಿ ಹತ್ತಿರ ತಂದೆ.

"ಒಳಗೆ ಎಷ್ಟು ಜನ ಇದ್ದೀರಿ?"

ಮಗ್ಗುಲು ಬದಲಿಸುವ ಸದ್ದು ನಿಂತಿತು.

"...ಒಬ್ಬಳೇ."

"ಗಾಬರಿ ಬೇಡ. ನಾನು ಹೊರಗೇ ಇದ್ದೀನಿ."

"ಅದೇ ಗಾಬರಿ. ಈ ಹೊತ್ತಲ್ಲಿ ಕೆಲಸ ಬಿಟ್ಟು ಯಾಕ್ರೀ ಬಂದ್ರಿ? ಮೈ ಹುಷಾರಿಲ್ವಾ?"

"ಪ್ರಶ್ನೆ ಕೇಳೋದು ನನ್ನ ಕೆಲಸ. ಎಷ್ಟು ಹೊತ್ತಿಂದ ಸಿಕ್ಕಾಕ್ಕೊಂಡಿದ್ದೀರಿ?"

ಅವಳು ಎದ್ದು ಬಾಗಿಲ ಹತ್ತಿರ ಬಂದ ಸದ್ದು ಕೇಳಿಸಿತು.

"ಹದಿನಾಲ್ಕು ತಿಂಗಳಾಯ್ತು."

"ಬಾಗಿಲು ಬಡೀಬೇಕಿತ್ತು."

"ಯಾರಿಗೆ ಅಂತ ಬಡೀಲಿ? ನೀವೂ ಇನ್ನೊಂದು ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ರಿ."

ನಾನು ಹಣೆಯನ್ನು ಬಾಗಿಲಿಗೆ ಆನಿಸಿದೆ. ಎದುರಿಗೆ ಮುಖವಿಲ್ಲದಿದ್ದಾಗ ಕೆಲವು ಮಾತು ಸುಲಭ.

"ನನ್ನ ಬಿಟ್ಟು ಬೇರೆ ಮಲಗ್ಬೇಕು ಅಂತ ಯಾಕೆ ಅನ್ನಿಸ್ತೇ ನಿನಗೆ?"

ಬಾಗಿಲು ತಟಕ್ಕನೆ ತೆರೆಯಿತು. ನಾನು ಮುಗ್ಗರಿಸಿ ಅವಳ ಮೇಲೇ ಬೀಳುತ್ತಿದ್ದೆ. ಅವಳ ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು.

"ಏನಂದ್ರಿ?"

"ನೀನೇ ಹೇಳಿದ್ದು. ಇನ್ನು ಅಲ್ಲೇ ಮಲಗ್ತೀನಿ ಅಂತ."

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಶೂ ನೋಡಿದಳು. ಅವಳ ಕಣ್ಣು ತುಂಬಿತು.

"ಈ ಶೂ ನೋಡಿ. ಹೋದ ತಿಂಗಳು ನಿಮ್ಮ ರಜೆ ದಿನ ನಾನು ನೀರು ಕುಡಿಯೋಕೆ ಎದ್ದೆ. ನೀವು ಅಡುಗೆಮನೇಲಿ ಸ್ಟೂಲ್ ಮೇಲೆ ಕೂತು, ಗೋಡೆಗೆ ತಲೆ ಆನಿಸಿ ನಿದ್ದೆ ಮಾಡ್ತಿದ್ರಿ. ಕೈಯಲ್ಲಿ ಹೀಗೇ ಶೂ. ಕುಕ್ಕರ್ ಇಟ್ಟಿಲ್ಲ, ಟೀವಿ ಹಾಕಿಲ್ಲ, ಒಂದು ನಲ್ಲಿ ತಿರುಗಿಸಿಲ್ಲ."

"ನಿನಗೆ ಎಚ್ಚರ ಆಗುತ್ತೆ ಅಂತ."

"ಗೊತ್ತು ರೀ, ಗೊತ್ತು! ವಾರಕ್ಕೊಂದು ರಜೆ, ಅದನ್ನೂ ಸ್ಟೂಲ್ ಮೇಲೆ ಕಳೀತೀರಿ. ಒಳಗೆ ನಾನು ಮಂಚದ ತುಂಬ ಕಾಲು ಚಾಚಿಕೊಂಡು ಮಲಗಿರ್ತೀನಿ. ಅವತ್ತಿಂದ ನಂಗೆ ಆ ಮಂಚದ ಮೇಲೆ ನಿದ್ದೆ ಹತ್ತಲ್ಲ. ನಾನು ಈ ಮೂಲೆಗೆ ಬಂದುಬಿಟ್ರೆ ನೀವು ರಜೆ ದಿನ ನಿಮ್ಮ ಮನೇಲಿ ಮನುಷ್ಯರ ಹಾಗೆ ಮಲಗಬಹುದು ಅಂತ."

"ಮತ್ತೆ ಆ ಕೀ?"

"ನನಗೆ ಕಾದು ಕಾದು ದಿನಾ ಬಸ್ ತಪ್ಪಿಸ್ಕೊಳ್ತೀರಿ ಅಂತ ಟೈಲರ್ ಅಂಕಲ್ ಹೇಳಿದ್ರು."

"ಇನ್ನೊಂದು ಬಸ್ ಬರುತ್ತೆ ಕಣೇ."

ಅವಳು ಅಳುತ್ತಲೇ ನಗಲು ಶುರು ಮಾಡಿದಳು. "ಹದಿನಾಲ್ಕು ಬಣ್ಣ ಹಚ್ಚಿದ್ರಲ್ಲ ಮಹಾರಾಯ. ಒಂದು ಮಾತು ಕೇಳೋಕಾಗ್ಲಿಲ್ವಾ?"

"ನಾನು ಬೇಡವಾದೆನಾ ಅಂತ ಕೇಳಿದ್ರೆ, ನೀನು ಹೌದು ಅಂದುಬಿಟ್ರೆ?"

ನಗು ನಿಂತಿತು. ಅವಳು ನನ್ನ ಕೈಯಿಂದ ಶೂ ತೆಗೆದು, ನೆಲದ ಮೇಲೆ ಸದ್ದಾಗುವ ಹಾಗೆ ಧೊಪ್ಪೆಂದು ಹಾಕಿದಳು. ಆ ಸದ್ದು ಎಷ್ಟು ಚೆನ್ನಾಗಿತ್ತು! ಆಮೇಲೆ ನನ್ನ ತೋಳು ಹಿಡಿದು ಒಳಗೆಳೆದು, ಗೋಡೆಯ ಎದುರು ನಿಲ್ಲಿಸಿದಳು.

"ಬಂದಿದ್ದೂ ಬಂದ್ರಿ, ಒಂದು ಐದು ನಿಮಿಷ ನಿಲ್ಲಿ. ಈಗ ಬರುತ್ತೆ."

ಆ ರೂಮಿಗೆ ಪಶ್ಚಿಮದ ಕಡೆ ಒಂದೇ ಕಿಟಕಿ. ಎದುರಿಗೆ ಪಕ್ಕದ ಕಟ್ಟಡದ ಕೆಂಪು ಇಟ್ಟಿಗೆಯ ಗೋಡೆ, ಸಿಮೆಂಟು ಕಾಣದ್ದು. ಬೆಳಗ್ಗೆಯಿಂದ ಅದು ನಮ್ಮ ಕಟ್ಟಡದ ನೆರಳಿನಲ್ಲೇ ಇರುತ್ತದೆ. ಹತ್ತೂಕಾಲರ ಹೊತ್ತಿಗೆ ಬಿಸಿಲು ನಮ್ಮ ತಾರಸಿಯನ್ನು ದಾಟಿ ಆ ಇಟ್ಟಿಗೆಯ ಮೇಲೆ ಬಿತ್ತು. ಅಲ್ಲಿಂದ ಬೆಳಕು ತಿರುಗಿ ನಮ್ಮ ರೂಮಿಗೆ ಬಂತು. ಮೊದಲು ಕಿಟಕಿಯ ಅಂಚಿಗೆ, ಆಮೇಲೆ ಅವಳ ಕೆನ್ನೆಗೆ, ಆಮೇಲೆ ಗೋಡೆಗೆ.

ಕಡುನೀಲಿ ಕಡುನೀಲಿಯಾಗಿಯೇ ಇತ್ತು. ಎರಡನೇ ಚೌಕ ಮೆಲ್ಲಗೆ ಗುಲಾಬಿಯಾಯಿತು. ನಿಜಕ್ಕೂ ಗುಲಾಬಿ, ಅವಳ ವಾರ್ಡಿನ ಕೂಸುಗಳ ಅಂಗಾಲಿನ ಬಣ್ಣ.

"ಇದೆ" ಅಂದೆ. "ನಾನು ಇಲ್ಲ ಅಂದಿದ್ದೆ."

"ಈ ಬಣ್ಣ ಹಚ್ಚಿದ ಮೇಲೆ ಈ ಹೊತ್ತಲ್ಲಿ ನೀವು ಮನೇಲಿ ಯಾವತ್ತಿದ್ರಿ? ಅರ್ಧ ಗಂಟೆ ಇರುತ್ತೆ, ಆಮೇಲೆ ಹೋಗುತ್ತೆ. ಆ ಅರ್ಧ ಗಂಟೆ ನಿಮಗೆ ತೋರಿಸ್ಬೇಕು ಅಂತ ಎಷ್ಟು ಸಲ ಅಂದ್ಕೊಂಡೆ ಗೊತ್ತಾ?"

"ಇದೇ ಹೊಡಿಯೋಣ. ಎರಡು."

"ನಿದ್ದೆಗೆ ಐದು ಒಳ್ಳೇದು."

"ನಿನಗೆ ಬೇಕಾಗಿರೋದು ಎರಡು."

ಅವಳು ಓರೆಗಣ್ಣಿನಲ್ಲಿ ನನ್ನನ್ನು ನೋಡಿದಳು, ಹುಬ್ಬು ಮೇಲೇರಿತು. ಅವತ್ತು ಬೆಳಗ್ಗೆ ಮೆಟ್ಟಿಲ ಮೇಲೆ ಏಳದ ಹುಬ್ಬು. "ಒಂದು ಷರತ್ತು. ರಜೆ ದಿನ ಸ್ಟೂಲ್ ಮೇಲೆ ಕೂರೋ ಹಾಗಿಲ್ಲ. ಕುಕ್ಕರ್ ಇಡಿ, ಟೀವಿ ಹಾಕಿ. ಇಲ್ಲಾಂದ್ರೆ ಇಲ್ಲೇ ಬಂದು ನನ್ನ ಪಕ್ಕ ಬಿದ್ಕೊಳ್ಳಿ. ಜಾಗ ಸಾಲದೇ ಹೋದ್ರೆ ಟೂಲ್ ಬಾಕ್ಸ್ ಹೊರಗೆ ಹೋಗ್ಲಿ."

"ಹೆಡ್ ಸಿಸ್ಟರ್ ಹತ್ರ ಮಾತಾಡು. ಹದಿನಾಲ್ಕು ತಿಂಗಳಾಯ್ತು ಅಂತ ಹೇಳು."

"ಹೇಳ್ತೀನಿ. ಒಪ್ಪೋದು ಅನುಮಾನ. ಆದ್ರೂ ಹೇಳ್ತೀನಿ. ಬಾಗಿಲು ಬಡೀತೀನಿ."

ಫೋನ್ ಹೊಡೆದುಕೊಂಡಿತು. ಆಫೀಸಿನ ಸಾಹೇಬರು. ಎಲ್ಲಯ್ಯಾ ಇದ್ದೀಯ, ಆ ಮುದುಕಿ ಹೊರಗೆ ಬಂದು ಅರ್ಧ ಗಂಟೆ ಆಯ್ತಂತಲ್ಲ ಎಂದರು.

"ಇಲ್ಲೇ ಪಕ್ಕದಲ್ಲಿ ಇನ್ನೊಂದು ಕಡೆ ಸಿಕ್ಕಾಕ್ಕೊಂಡಿದ್ದಾರೆ ಸಾರ್. ಮೂರನೇ ಮಹಡಿ. ಹೊತ್ತಾಗುತ್ತೆ."

"ಎಷ್ಟು ಜನ?"

ಅವಳ ಕಡೆ ನೋಡಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಇಬ್ಬರು ಸಾರ್."

ಸರಿ, ನಿಧಾನಕ್ಕೆ ತೆಗಿ, ಗಾಬರಿ ಮಾಡಿಸ್ಬೇಡ ಎಂದು ಅವರು ಫೋನ್ ಇಟ್ಟರು.

ಚಾಪೆಯ ಮೇಲೆ ಒಬ್ಬರಿಗೆ ಸಾಲುವಷ್ಟು ಜಾಗದಲ್ಲಿ ಇಬ್ಬರೂ ಕೂತು ಗೋಡೆಗೆ ಒರಗಿದೆವು. ಅವಳ ಬೆರಳು ನನ್ನ ಶರ್ಟಿಗೆ ಬಂತು. ಒಂದು ಗುಂಡಿ ಬಿಚ್ಚಿ, ಇನ್ನೊಂದು ಬಿಚ್ಚಿ, ಅಲ್ಲೇ ನಿಂತಿತು.

"ಬೆಳಗ್ಗೇನೇ ನೋಡಿದ್ದೆ ರೀ. ಕೈ ಎತ್ತೋಕೆ ಶಕ್ತಿ ಇರ್ಲಿಲ್ಲ."

ಆ ಮಾತು ಕೇಳಿ ನನ್ನ ಮೈಯೆಲ್ಲ ಹಗುರವಾಯಿತು. ಎಲ್ಲ ದಣಿವು ಒಟ್ಟಿಗೇ ಬಂದು ಕಾಲು ಚಾಚಿ ಕೂತ ಹಾಗಿತ್ತು. ನೇತಾಡುತ್ತಿದ್ದ ಪೆನ್ಸಿಲ್ ಎಳೆದುಕೊಂಡು ಎರಡನೇ ಚೌಕದ ಕೆಳಗೆ ಅಭ್ಯಾಸದಂತೆ ಬರೆದೆ. ಸ್ಥಳ: ಚಿಕ್ಕ ರೂಮು. ಸಮಯ: ಹತ್ತೂವರೆ. ಒಳಗಿದ್ದವರು: ಇಬ್ಬರು. ಸ್ಥಿತಿ ಎಂದು ಬರೆದು ಪೆನ್ಸಿಲನ್ನು ಅವಳ ಕೈಗೆ ಕೊಟ್ಟೆ.

ಅವಳು ನನ್ನ ಭುಜದ ಮೇಲಿಂದ ಬಗ್ಗಿ, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯತೊಡಗಿದಳು. ಬರೆಯುತ್ತ ಬರೆಯುತ್ತ ಅವಳ ತಲೆ ನನ್ನ ಭುಜಕ್ಕೆ ಇಳಿಯಿತು. ಕೈಯಿಂದ ಪೆನ್ಸಿಲ್ ಜಾರಿ ದಾರದಲ್ಲಿ ತೂಗಾಡಿತು. ಉಸಿರು ನಿಧಾನವಾಯಿತು. ಅಲುಗಾಡದೆ ಕತ್ತು ಮಾತ್ರ ತಿರುಗಿಸಿ ನೋಡಿದೆ.

‘ಸ್ಥಿತಿ: ಸುಸ್ತು. ಆದ್ರೆ’

ಅಷ್ಟಕ್ಕೇ ನಿದ್ದೆ ಹತ್ತಿತ್ತು. ಗೋಡೆಯ ಗುಲಾಬಿ ಮೆಲ್ಲಗೆ ಇಳಿಯುತ್ತಿತ್ತು. ಆ ‘ಆದ್ರೆ’ಯ ಮುಂದೆ ಏನಿತ್ತು ಎಂದು ಅವಳು ಎದ್ದ ಮೇಲೆ ಕೇಳಬೇಕು ಅಂದುಕೊಂಡೆ. ಈ ಸಲ ಕೇಳುವುದಕ್ಕೆ ನನಗೆ ಹೆದರಿಕೆಯಿರಲಿಲ್ಲ.